ರಸ್ತೆ ಗುಡಿಸಿದರೆ ಸಾಕೇ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ಸ್ವಚ್ಛತಾ ಕಾರ್ಯಕ್ರಮ ಎಂಬುದು ಹೊಸ ಸಂಗತಿಯಲ್ಲ. ಯುವಕ ಮಂಡಲದವರು, ಸ್ವಸಹಾಯ ಗುಂಪಿನ ಮಹಿಳೆಯರು, ಕಾಲೇಜಿನ ಎನ್ನೆಸ್ಸೆಸ್ ವಿದ್ಯಾರ್ಥಿಗಳು, ಭಜನಾ ಮಂದಿರ, ಮಸೀದಿ, ಚರ್ಚುಗಳ ತರುಣರು ಭಾನುವಾರ ಬೆಳಿಗ್ಗೆ ಹಿಡಿಸೂಡಿ, ಕತ್ತಿ, ಗೋಣಿಚೀಲ ಹಿಡಿದು ರಸ್ತೆಗಿಳಿಯುವುದನ್ನು ನೀವೆಲ್ಲ ನೋಡಿದ್ದೀರಿ. ನಿಮ್ಮಲ್ಲಿ ಅನೇಕರು ಸ್ವತಃ ಕೈಜೋಡಿಸಿಯೂ ಇರಬಹುದು. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಮಕರ ಸಂಕ್ರಾಂತಿ ಹಾಗೂ ಸ್ವಾತಂತ್ರ್ಯ ದಿನಾಚರಣೆಗೆ ಮುನ್ನ ಊರೂರಿನ ಶ್ರದ್ಧಾಕೇಂದ್ರಗಳ ಸ್ವಚ್ಛತೆಗೆ ತನ್ನ ಸದಸ್ಯರಿಗೆ ಕರೆ ನೀಡುತ್ತ ಬಂದಿದೆ. ಮಂಗಳೂರಿನ ರಾಮಕೃಷ್ಣ ಮಿಷನ್ 2015ರಲ್ಲಿ ಆರಂಭಿಸಿದ ‘ಸ್ವಚ್ಛ ಮಂಗಳೂರು’ ಅಭಿಯಾನದಲ್ಲಿ ಸ್ವಯಂಸೇವಕರು ವಾರ ವಾರವೂ ಬೀದಿಗಿಳಿದು ದುಡಿದರು.

ಇಷ್ಟೆಲ್ಲ ಶ್ರಮದಾನ ನಡೆದ ಮೇಲೂ ಹದಿನೈದು ದಿನಗಳಲ್ಲಿ ಅದೇ ಸೇತುವೆಯ ಬದಿಗೆ, ಅದೇ ತಿರುವಿಗೆ, ಅದೇ ಬಗೆಯ ಪ್ಲಾಸ್ಟಿಕ್ ಚೀಲಗಳು ಬಂದು ಬೀಳುವುದೇಕೆ? ರಸ್ತೆ ಚೊಕ್ಕಟವಾಗಿ ಕಾಣುವ ಊರಿನಲ್ಲೂ ಮಳೆಗಾಲ ಬಂತೆಂದರೆ ಮನೆಯಲ್ಲೊಬ್ಬರು ಜ್ವರದಿಂದ ಮಲಗುವುದೇಕೆ?

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರೆ ಕೊಟ್ಟರೆ ಮೈ ಬಿಸಿ ಇಳಿಯುತ್ತದೆ, ರೋಗಿಗೆ ಹಾಯೆನಿಸುತ್ತದೆ. ರೋಗದ ಮೂಲ ಹಾಗೆಯೇ ಉಳಿದಿದ್ದರೆ ಕೆಲವೇ ಗಂಟೆಗಳಲ್ಲಿ ಜ್ವರ ಮತ್ತೆ ಏರುತ್ತದೆ. ಬೀದಿ ಗುಡಿಸುವ ಕಾರ್ಯಕ್ರಮವೂ ಹಾಗೆಯೇ. ಅದು ಬೇಕು, ಆದರೆ ಅದೊಂದೇ ಸಾಲದು. ಕಸದಿಂದ ಬರುವ ಕಾಯಿಲೆಗಳ ಮೂಲ ಬಹುಮಟ್ಟಿಗೆ ನಮ್ಮ ಅಡಿಗೆಮನೆ, ಬಚ್ಚಲು ಮತ್ತು ಹಿತ್ತಿಲಿನಲ್ಲಿದೆ. ಈ ವಾರ ಅದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಎಂಟು ದಿನಗಳ ಲೆಕ್ಕ

ಡೆಂಗ್ಯೂ ಜ್ವರ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಕು ನೀರಿಗಿಂತ ಪಾತ್ರೆ, ಚಿಪ್ಪುಗಳಲ್ಲಿ ನಿಂತ ತಿಳಿನೀರನ್ನು ಇಷ್ಟಪಡುತ್ತದೆ. ಒಂದು ಚಮಚದಷ್ಟು ನೀರಿದ್ದರೂ ಅದಕ್ಕೆ ಸಾಕು. ಮೊಟ್ಟೆಯಿಂದ ಹೊರಬಂದ ಮರಿ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಸುಮಾರು ಎಂಟರಿಂದ ಹತ್ತು ದಿನ ಬೇಕು. ನೀರು ಆರಿಹೋದರೂ ಮೊಟ್ಟೆ ಸಾಯುವುದಿಲ್ಲ. ಪಾತ್ರೆಯ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಕಾದಿದ್ದು, ಮುಂದಿನ ಮಳೆಯ ನೀರು ತಗಲಿದ ಕೂಡಲೆ ಜೀವ ತಳೆಯುತ್ತದೆ.

ಇನ್ನೊಂದು ಮುಖ್ಯ ವಿಷಯ, ಈ ಸೊಳ್ಳೆ ದೂರ ಹಾರುವ ಜಾತಿಯದಲ್ಲ. ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರುಗಳೊಳಗೇ ಸುತ್ತಾಡಿಕೊಂಡಿರುತ್ತದೆ. ಅಂದರೆ ನಿಮ್ಮ ಮಗುವನ್ನು ಕಚ್ಚಿದ ಸೊಳ್ಳೆ ಹುಟ್ಟಿದ್ದು ಪೇಟೆಯ ಕಸದ ರಾಶಿಯಲ್ಲಿ ಎನ್ನುವುದಕ್ಕಿಂತ ನಿಮ್ಮ ಅಂಗಳದಲ್ಲೋ ನೆರೆಮನೆಯ ಹಿತ್ತಿಲಲ್ಲೋ ಎನ್ನುವ ಸಂಭವವೇ ಹೆಚ್ಚು.

ನಮ್ಮ ತಾಲೂಕುಗಳ ಹಿತ್ತಿಲು ತೋಟಗಳನ್ನು ಒಮ್ಮೆ ಸುತ್ತಿ ಬನ್ನಿ. ಅಡಿಕೆ ಮರದಿಂದ ಬಿದ್ದ ಹಾಳೆ ದೋಣಿಯಂತೆ ನೀರು ಹಿಡಿದು ನಿಂತಿರುತ್ತದೆ. ತೆಂಗಿನ ಗೆರಟೆ, ಇಲಿ ಅಳಿಲು ಕೊರೆದ ಎಳನೀರು ಬುರುಡೆ, ಸದ್ಯ ಟ್ಯಾಪಿಂಗ್ ಇಲ್ಲದ ರಬ್ಬರ್ ಮರಕ್ಕೆ ಕಟ್ಟಿದ ಹಾಲಿನ ಚಿಪ್ಪು, ಹಳೆಯ ಟಯರು, ಒಡೆದ ಬಕೆಟ್, ಕಟ್ಟಿಗೆಗೆ ಹೊದೆಸಿದ ಟಾರ್ಪಾಲಿನ ಮಡಿಕೆ, ಸಮಾರಂಭ ಮುಗಿದ ಮೇಲೆ ಗುಡ್ಡೆ ಬದಿಗೆ ಸುರಿದ ಪ್ಲಾಸ್ಟಿಕ್ ಲೋಟ ಇವೆಲ್ಲವೂ ಸೊಳ್ಳೆಯ ತೊಟ್ಟಿಲುಗಳೇ. ತೋಟಗಳಲ್ಲಿ ಹೆಚ್ಚಾಗಿ ಕಾಣುವ ಈಡಿಸ್ ಆಲ್ಬೊಪಿಕ್ಟಸ್ ಎಂಬ ಜಾತಿ ಹಗಲು ಹೊತ್ತಿನಲ್ಲೇ ಕಚ್ಚುತ್ತದೆ. ಆದ್ದರಿಂದ ರಾತ್ರಿ ಸೊಳ್ಳೆಪರದೆ ಕಟ್ಟಿದ ಮಾತ್ರಕ್ಕೆ ತೋಟದಲ್ಲಿ ಅಡಿಕೆ ಹೆಕ್ಕುವವರಿಗೆ ರಕ್ಷಣೆ ಸಿಗುವುದಿಲ್ಲ.

ಉಪಾಯವೂ ಈ ಲೆಕ್ಕದಲ್ಲೇ ಇದೆ. ಮರಿ ಸೊಳ್ಳೆಯಾಗಲು ಎಂಟು ದಿನ ಬೇಕಾದರೆ, ಏಳು ದಿನಕ್ಕೊಮ್ಮೆ ನೀರು ಚೆಲ್ಲಿದರೆ ಸಂತತಿ ಅಲ್ಲಿಗೇ ತುಂಡಾಯಿತು. ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿಕೊಂಡು ಮನೆಯವರೆಲ್ಲ ಅರ್ಧ ಗಂಟೆ ಹಿತ್ತಿಲು ಸುತ್ತಬೇಕು. ಹಾಳೆ, ಗೆರಟೆಗಳನ್ನು ಕವುಚಿ ಹಾಕಬೇಕು. ರಬ್ಬರ್ ಚಿಪ್ಪುಗಳನ್ನು ಕೆಲಸವಿಲ್ಲದಾಗ ತಲೆಕೆಳಗಾಗಿಸಿಡಬೇಕು. ನೀರಿನ ತೊಟ್ಟಿಯ ಒಳಬದಿಯನ್ನು ಉಜ್ಜಿ ತೊಳೆಯಬೇಕು. ಬರೇ ನೀರು ಚೆಲ್ಲಿದರೆ ಅಂಚಿಗೆ ಅಂಟಿದ ಮೊಟ್ಟೆ ಹೋಗುವುದಿಲ್ಲ. 2019ರ ಮಳೆಗಾಲದಲ್ಲಿ ಮಂಗಳೂರಿನಲ್ಲಿ ಡೆಂಗ್ಯೂ ವ್ಯಾಪಕವಾಗಿ ಹರಡಿ ಸಾವುಗಳೂ ಸಂಭವಿಸಿದ್ದನ್ನು ನೀವು ಮರೆತಿರಲಾರಿರಿ. 2024ರಲ್ಲಿ ರಾಜ್ಯ ಸರಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಗ್ರಾಮದಲ್ಲಿ 200 ರೂಪಾಯಿಗಳ ದಂಡವನ್ನೂ ಗೊತ್ತುಪಡಿಸಿತು. ಆಸ್ಪತ್ರೆಯಲ್ಲಿ ಐದು ದಿನ ಮಲಗಿದರೆ ಆಗುವ ಖರ್ಚಿನ ಮುಂದೆ ಈ ದಂಡ ಏನೇನೂ ಅಲ್ಲ.

ಇಲಿ, ನೊಣ ಮತ್ತು ನಾಯಿ

ಎಸೆದ ಅನ್ನ, ಮೀನಿನ ತಲೆ, ಕೋಳಿಯ ತ್ಯಾಜ್ಯ ಇರುವಲ್ಲಿಗೆ ಮೊದಲು ಬರುವುದು ನೊಣ. ಅದರ ಹಿಂದೆ ಇಲಿ, ಹೆಗ್ಗಣ, ಆಮೇಲೆ ನಾಯಿ. ಮೂವರೂ ಬೇರೆ ಬೇರೆ ಕಾಯಿಲೆ ತರುತ್ತಾರೆ.

ನೊಣ ತನ್ನ ಕಾಲುಗಳಲ್ಲಿ ಕೊಳಕನ್ನು ಹೊತ್ತು ತಂದು ತಿಂಡಿಯ ಮೇಲೆ ಕೂರುತ್ತದೆ. ವಾಂತಿಭೇದಿ, ಆಮಶಂಕೆ, ವಿಷಮಶೀತ ಜ್ವರಗಳಿಗೆ ಇದೂ ಒಂದು ದಾರಿ. ಇಲಿ, ಹೆಗ್ಗಣಗಳ ಮೂತ್ರದಲ್ಲಿ ಲೆಪ್ಟೊಸ್ಪೈರಾ ಎಂಬ ರೋಗಾಣುವಿರುತ್ತದೆ. ಮಳೆನೀರು, ಕೆಸರುಗಳೊಡನೆ ಬೆರೆತು ಅದು ಕಾಲಿನ ಒಡಕು, ಗಾಯಗಳ ಮೂಲಕ ನಮ್ಮ ದೇಹ ಸೇರುತ್ತದೆ. ಇದೇ ಇಲಿಜ್ವರ. ಗದ್ದೆ, ತೋಟ, ತೋಡುಗಳಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಇದರ ಭಯ ಹೆಚ್ಚು. ನಾಯಿಗಳ ಹಿಂಡು ಬೆಳೆಯುವುದೂ ಕಸದ ರಾಶಿಯ ಸುತ್ತಲೇ. ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ಅರಿಶಿನ, ಸುಣ್ಣ, ಮೆಣಸಿನ ಪುಡಿ ಮೆತ್ತುವುದು ಸರ್ವಥಾ ಕೂಡದು.

ನಮ್ಮ ಹಳ್ಳಿಗಳ ಹೆಚ್ಚಿನ ಮನೆಗಳಲ್ಲಿ ತೆರೆದ ಬಾವಿಗಳಿವೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು. ನಮ್ಮ ಮುರಕಲ್ಲಿನ ನೆಲದಲ್ಲಿ ನೀರು ಸುಲಭವಾಗಿ ಇಂಗುತ್ತದೆ. ಬಾವಿಯ ಮೇಲ್ಬದಿಯಲ್ಲಿ ಕಸದ ಗುಂಡಿಯಿದ್ದರೆ ಅದರ ರಸವೂ ಆ ನೀರಿನೊಂದಿಗೇ ಇಂಗುತ್ತದೆ. ಆದ್ದರಿಂದ ಕಸದ ಗುಂಡಿಯನ್ನು ಬಾವಿಯಿಂದ ದೂರ, ಇಳಿಜಾರಿನ ಕೆಳಭಾಗದಲ್ಲಿ ಮಾಡಿ. ಮಳೆಗಾಲದಲ್ಲಿ ಆರೋಗ್ಯ ಸಹಾಯಕರ ಸಲಹೆಯಂತೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ. ಒಳ್ಳೆಯ ಪುಡಿಯಾದರೆ 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಎಂಬುದು ಸಾಮಾನ್ಯ ಲೆಕ್ಕ. ಹಾಕಿದ ಮೇಲೆ ಕನಿಷ್ಠ ಒಂದು ಗಂಟೆ ನೀರು ಸೇದಬಾರದು. ಸಂಜೆ ಹಾಕಿ ಬೆಳಿಗ್ಗೆ ಉಪಯೋಗಿಸುವುದು ಅನುಕೂಲ. ಕುಡಿಯುವ ನೀರನ್ನು ಕುದಿಸಿ ಆರಿಸುವ ಅಭ್ಯಾಸವನ್ನಂತೂ ಬಿಡಬೇಡಿ.

ಬಚ್ಚಲ ಒಲೆಯ ಹೊಗೆ

ಈಗ ಹೇಳಲಿರುವ ವಿಷಯವನ್ನು ಮನೆಯ ಹಿರಿಯರು, ಅದರಲ್ಲೂ ತಾಯಂದಿರು ದಯವಿಟ್ಟು ಗಮನಿಸಬೇಕು. ಅಡಿಗೆಮನೆಗೆ ಗ್ಯಾಸ್ ಬಂದರೂ ನಮ್ಮ ಕಡೆ ಬಚ್ಚಲ ಹಂಡೆ ಇನ್ನೂ ಉಳಿದುಕೊಂಡಿದೆ. ಮಡಲು, ಕೊತ್ತಳಿಗೆ, ತೆಂಗಿನ ಸಿಪ್ಪೆ ಉರಿಸಿ ಬಿಸಿನೀರು ಕಾಯಿಸುತ್ತೇವೆ. ಮಳೆಗಾಲದಲ್ಲಿ ಕಟ್ಟಿಗೆ ಹಸಿಯಿರುವಾಗ ಬೆಂಕಿ ಹಿಡಿಸಲು ಏನು ಮಾಡುತ್ತೇವೆ? ಹಾಲಿನ ತೊಟ್ಟೆ, ಅಂಗಡಿಯ ಚೀಲ, ಬಿಸ್ಕತ್ತಿನ ಹೊದಿಕೆ ತುರುಕುತ್ತೇವೆ. ಕಸವೂ ಕರಗಿತು, ಒಲೆಯೂ ಹೊತ್ತಿತು ಎಂದು ಸಮಾಧಾನ. ಬೀದಿಯಲ್ಲಿ ಒಂದು ಚೂರು ಪ್ಲಾಸ್ಟಿಕ್ ಎಸೆಯದ ಶಿಸ್ತಿನ ಮನೆಗಳಲ್ಲೂ ಈ ಪದ್ಧತಿಯಿದೆ.

ಪ್ಲಾಸ್ಟಿಕ್ ಕಣ್ಣಿಗೆ ಕಾಣದಾಯಿತೆಂದರೆ ಇಲ್ಲವಾಯಿತೆಂದಲ್ಲ. ಅದು ಹೊಗೆಯ ರೂಪದಲ್ಲಿ ಹತ್ತಿರ ಇದ್ದವರ ಶ್ವಾಸಕೋಶ ಸೇರುತ್ತದೆ. ಆಸ್ಪತ್ರೆಯ ತ್ಯಾಜ್ಯವನ್ನು ಸುಡುವ ಕುಲುಮೆಗಳಲ್ಲಿ ಮೊದಲ ಕೋಣೆಯಲ್ಲಿ ಕನಿಷ್ಠ 800, ಎರಡನೆಯದರಲ್ಲಿ ಸುಮಾರು 1,050 ಡಿಗ್ರಿ ಸೆಲ್ಸಿಯಸ್ ಶಾಖ ಇರಬೇಕೆಂಬ ನಿಯಮವಿದೆ. ಬಚ್ಚಲ ಒಲೆಯಲ್ಲಿ ಆ ಶಾಖವೂ ಇಲ್ಲ, ಹೊಗೆ ಶುದ್ಧ ಮಾಡುವ ವ್ಯವಸ್ಥೆಯೂ ಇಲ್ಲ. ಅರೆಬರೆ ಉರಿದ ಪ್ಲಾಸ್ಟಿಕ್ಕಿನಿಂದ ಸೂಕ್ಷ್ಮ ಮಸಿಕಣಗಳು, ಕಾರ್ಬನ್ ಮಾನಾಕ್ಸೈಡ್, ಸ್ಟೈರೀನ್‌ನಂತಹ ವಿಷವಸ್ತುಗಳು ಹೊರಡುತ್ತವೆ. ಪಿವಿಸಿ ಪೈಪಿನ ತುಂಡು, ರೆಕ್ಸಿನ್, ವಯರಿನ ಹೊದಿಕೆಯಂತಹ ಕ್ಲೋರಿನ್ ಇರುವ ವಸ್ತುಗಳು ಸೇರಿದರೆ ಡಯಾಕ್ಸಿನ್ ಎಂಬ ವಿಷ ಉಂಟಾಗುತ್ತದೆ. ಅದು ದೇಹದ ಕೊಬ್ಬಿನಲ್ಲಿ ಸಂಗ್ರಹವಾಗಿ ವರ್ಷಗಟ್ಟಲೆ ಉಳಿಯುತ್ತದೆ. ಈ ಗುಂಪಿನ ಅತ್ಯಂತ ತೀಕ್ಷ್ಣವಾದ ವಿಷವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ.

ಈ ಹೊಗೆಯನ್ನು ಹೆಚ್ಚಾಗಿ ಕುಡಿಯುವವರು ಯಾರು? ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಒಲೆ ಊದುವ ಹೆಂಗಸರು, ಮೀಯಲು ಕಾದು ನಿಂತ ಮಕ್ಕಳು, ಬೆಂಕಿಯೆದುರು ಮೈ ಕಾಯಿಸಿಕೊಳ್ಳುವ ಅಜ್ಜ ಅಜ್ಜಿಯರು. ಒಂದು ಬೀಡಿಯನ್ನೂ ಸೇದದ ಹೆಂಗಸರು ನಲ್ವತ್ತು ಐವತ್ತರ ವಯಸ್ಸಿನಲ್ಲಿ ದಮ್ಮು ಕಟ್ಟುತ್ತದೆಂದು ನಮ್ಮಂತಹ ವೈದ್ಯರಲ್ಲಿಗೆ ಬರುತ್ತಾರೆ. ವರ್ಷಾನುಗಟ್ಟಲೆ ಕುಡಿದ ಒಲೆಯ ಹೊಗೆ ಅದಕ್ಕೆ ದೊಡ್ಡ ಕಾರಣ. ಕಟ್ಟಿಗೆಯ ಹೊಗೆಯೇ ಕೆಟ್ಟದ್ದು. ಅದಕ್ಕೆ ಪ್ಲಾಸ್ಟಿಕ್ಕಿನ ಹೊಗೆಯನ್ನೂ ಸೇರಿಸುವುದು ಬೇಡ. ಅಸ್ತಮಾ ಇರುವ ಮಗುವಿಗೆ ಮುಂಜಾನೆಯೇ ಉಬ್ಬಸ ಹೆಚ್ಚುತ್ತಿದ್ದರೆ ಔಷಧಿ ಬದಲಿಸುವ ಮೊದಲು ಬಚ್ಚಲ ಒಲೆಗೆ ಏನು ಹಾಕುತ್ತಿದ್ದೀರೆಂದು ನೋಡಿ.

2023ರ ಮಾರ್ಚ್ ತಿಂಗಳಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸದ ಯಾರ್ಡಿಗೆ ಬೆಂಕಿ ಬಿದ್ದು ಹತ್ತು ದಿನಗಳಿಗೂ ಹೆಚ್ಚು ಕಾಲ ಇಡೀ ನಗರ ಪ್ಲಾಸ್ಟಿಕ್ ಹೊಗೆಯಲ್ಲಿ ಉಸಿರುಗಟ್ಟಿದ್ದು ದೊಡ್ಡ ಸುದ್ದಿಯಾಯಿತು. ನಮ್ಮ ಬಚ್ಚಲುಗಳಲ್ಲಿ ದಿನವೂ ಏಳುವ ಹೊಗೆ ಸುದ್ದಿಯಾಗುವುದಿಲ್ಲ. ತೆರೆದ ಜಾಗದಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ನಿಷೇಧಿಸಿ 5,000 ರೂಪಾಯಿಗಳ ದಂಡ ಗೊತ್ತುಪಡಿಸಿತ್ತು ಎಂಬುದೂ ನಿಮಗೆ ತಿಳಿದಿರಲಿ. ಶ್ರಮದಾನದ ಕೊನೆಗೆ ಒಟ್ಟುಮಾಡಿದ ಕಸಕ್ಕೆ ಬೆಂಕಿ ಕೊಡುವ ತಂಡಗಳಿಗೂ ಈ ಮಾತು ಅನ್ವಯಿಸುತ್ತದೆ.

ಎಸೆದ ಕಸ ಎಲ್ಲಿಗೆ ಹೋಗುತ್ತದೆ?

ಘಟ್ಟದಲ್ಲಿ ಹುಟ್ಟಿದ ನೇತ್ರಾವತಿ ಬೆಳ್ತಂಗಡಿ ತಾಲೂಕನ್ನು ಹಾದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬಂಟ್ವಾಳಕ್ಕೆ ಬರುತ್ತಾಳೆ. ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ಅದೇ ನೀರನ್ನು ತಡೆದು ಮಂಗಳೂರಿಗೆ ಕುಡಿಯಲು ಕೊಡುತ್ತಾರೆ. ಫಲ್ಗುಣಿ ನದಿಯೂ ವೇಣೂರು, ಪೊಳಲಿಗಳ ಬದಿಯಿಂದ ಹರಿದು ಕಡಲು ಸೇರುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಪ್ರವಾಸಿ ಎಸೆದ ಬಾಟಲಿ, ಸ್ನಾನಘಟ್ಟದಲ್ಲಿ ಭಕ್ತರು ಬಿಟ್ಟುಹೋದ ಬಟ್ಟೆ, ಸೇತುವೆಯ ಮೇಲಿಂದ ಕಾರು ನಿಲ್ಲಿಸಿ ಎಸೆದ ಕಟ್ಟು ಎಲ್ಲವೂ ಕೆಳಗಿನ ಊರಿನ ಕುಡಿಯುವ ನೀರಿಗೇ ಬರುತ್ತವೆ. 2025ರ ಮಾರ್ಚಿನಲ್ಲಿ ರಾಜ್ಯದ ಅರಣ್ಯ ಸಚಿವರು ಪುಣ್ಯಕ್ಷೇತ್ರಗಳ ನದಿ ತೀರದಿಂದ 500 ಮೀಟರ್ ಒಳಗೆ ಸೋಪು, ಶ್ಯಾಂಪೂ ಮಾರಾಟ ತಡೆಯುವಂತೆ ಅಧಿಕಾರಿಗಳಿಗೆ ಸೂಚಿಸಿದ್ದರ ಹಿಂದೆ ಇರುವುದೂ ಇದೇ ಕಾಳಜಿ.

ಪೇಟೆಯವರು ವಾಹನಕ್ಕೆ ಕೊಟ್ಟ ಕಸವೂ ಮಾಯವಾಗುವುದಿಲ್ಲ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜರಿದು ಕೆಳಗಿನ ಮಂದಾರ ಪ್ರದೇಶದ ಅಡಿಕೆ, ತೆಂಗಿನ ತೋಟಗಳನ್ನೂ ಮನೆಗಳನ್ನೂ ಮುಚ್ಚಿತು. ತಲೆಮಾರುಗಳಿಂದ ಬಾಳಿದ ಮನೆಗಳನ್ನು ಜನ ಬಿಟ್ಟುಹೋಗಬೇಕಾಯಿತು. ಅವರ ತೋಟಕ್ಕೆ ಇಳಿದದ್ದು ಯಾರದೋ ಅಡಿಗೆಮನೆಯಿಂದ ಹಸಿ, ಒಣ ಬೇರೆ ಮಾಡದೆ ಹೊರಗೆ ಹೋದ ಕಸ.

ಇತ್ತೀಚಿನ ವರ್ಷಗಳಲ್ಲಿ ಕಾರ್ಕಳದ ನಿಟ್ಟೆ, ಮೂಡುಬಿದಿರೆ ದಾರಿಯಲ್ಲಿರುವ ತೆಂಕಎಡಪದವು ಮುಂತಾದ ಕಡೆ ಗ್ರಾಮ ಪಂಚಾಯತುಗಳ ಒಣ ಕಸವನ್ನು ತಂದು ವಿಂಗಡಿಸುವ ಘಟಕಗಳನ್ನು ಸ್ಥಾಪಿಸಲಾಗಿದೆ. ಹಲವು ಪಂಚಾಯತುಗಳಲ್ಲಿ ಮಹಿಳೆಯರೇ ‘ಸ್ವಚ್ಛವಾಹಿನಿ’ ವಾಹನ ಓಡಿಸಿ ಮನೆಮನೆಯಿಂದ ಕಸ ಸಂಗ್ರಹಿಸುತ್ತಾರೆ. ಅವರಾಗಲಿ, ಘಟಕದಲ್ಲಿ ದುಡಿಯುವವರಾಗಲಿ ನಮ್ಮ ಕಸವನ್ನು ಕೈಯಿಂದಲೇ ಬಿಡಿಸಬೇಕು. ನಾವು ಕಟ್ಟಿಕೊಟ್ಟ ಚೀಲದಲ್ಲಿ ಕೊಳೆತ ಅನ್ನ, ಮಗುವಿನ ಡಯಾಪರ್, ಒಡೆದ ಗಾಜು, ಇನ್ಸುಲಿನ್ ಸೂಜಿ ಒಟ್ಟಿಗಿದ್ದರೆ ಅದು ತಗಲುವುದು ಅವರ ಬೆರಳಿಗೆ. ಬಳಸಿದ ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ, ಎಚ್‌ಐವಿಯಂತಹ ರೋಗಗಳು ತಗಲುವ ಅಪಾಯವಿದೆ.

ಮನೆಯಲ್ಲಿ ಮೂರು ಪಾಲು

ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಎಂದು ಮನೆಯಲ್ಲೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಹೇಳಲಾಗಿತ್ತು. ಮನೆಯಲ್ಲಿ ಇದನ್ನು ರೂಢಿ ಮಾಡಲು ಒಂದು ವಾರ ಸಾಕು.

ಹಸಿ ಕಸ: ತರಕಾರಿ ಸಿಪ್ಪೆ, ಉಳಿದ ಅನ್ನ, ಚಹಾ ಚರಟ, ಬಾಳೆಲೆ ಮುಂತಾದವು. ಹಿತ್ತಿಲಿರುವ ಮನೆಯವರು ಇದನ್ನು ಹೊರಗೆ ಕೊಡಬೇಕಾದ ಅಗತ್ಯವೇ ಇಲ್ಲ. ದನಕ್ಕೆ ಆಗುವುದನ್ನು ದನಕ್ಕೆ ಕೊಟ್ಟು, ಉಳಿದುದನ್ನು ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಮಣ್ಣು ಅಥವಾ ತರಗೆಲೆ ಮುಚ್ಚಿ. ಮೀನಿನ ತ್ಯಾಜ್ಯವನ್ನು ತೆಂಗಿನ ಬುಡದ ಸುತ್ತ ಒಂದು ಅಡಿಗಿಂತ ಆಳವಾಗಿ ಹೂತರೆ ನೊಣ, ನಾಯಿಗಳ ಕಾಟ ತಪ್ಪುತ್ತದೆ. ಪೇಟೆಯಲ್ಲಿ, ಫ್ಲ್ಯಾಟಿನಲ್ಲಿ ಇರುವವರಿಗೆ ಮಡಕೆ ಗೊಬ್ಬರ ಒಳ್ಳೆಯದು. ಬದಿಯಲ್ಲಿ ಕೆಲವು ತೂತು ಮಾಡಿದ ಎರಡು ಮಡಕೆ ತನ್ನಿ. ಅಡಿಯಲ್ಲಿ ತರಗೆಲೆ ಅಥವಾ ತೆಂಗಿನ ನಾರಿನ ಹುಡಿ ಹಾಸಿ, ಒಂದು ಪದರ ಹಸಿ ಕಸ, ಅದರ ಮೇಲೆ ಒಂದು ಪದರ ತರಗೆಲೆ ಹೀಗೆ ತುಂಬಿಸಿ. ಆರಂಭದಲ್ಲಿ ಸ್ವಲ್ಪ ಸೆಗಣಿ ನೀರು ಅಥವಾ ಹುಳಿ ಮಜ್ಜಿಗೆ ಚಿಮುಕಿಸಿ. ನಾತ ಬಂದರೆ, ಹುಳ ಕಂಡರೆ ಒದ್ದೆ ಹೆಚ್ಚಾಗಿದೆಯೆಂದು ಅರ್ಥ. ಇನ್ನಷ್ಟು ತರಗೆಲೆ ಸೇರಿಸಿ ಕೆದಕಿದರೆ ಸರಿಹೋಗುತ್ತದೆ. ಒಂದು ಮಡಕೆ ತುಂಬಿದ ಮೇಲೆ ಇನ್ನೊಂದನ್ನು ಆರಂಭಿಸಿ. ಒಂದೂವರೆ ಎರಡು ತಿಂಗಳಲ್ಲಿ ಮೊದಲನೆಯದು ಗೊಬ್ಬರವಾಗಿರುತ್ತದೆ.

ಒಣ ಕಸ: ಹಾಲಿನ ತೊಟ್ಟೆ, ಎಣ್ಣೆಯ ಪ್ಯಾಕೆಟ್ಟು, ಬಾಟಲಿ, ಕಾಗದ, ಡಬ್ಬಿ. ಪ್ಲಾಸ್ಟಿಕ್ಕನ್ನು ಪಾತ್ರೆ ತೊಳೆದ ನೀರಿನಲ್ಲೇ ಒಮ್ಮೆ ಅದ್ದಿ, ಒಣಗಿಸಿ, ಒಂದು ಗೋಣಿಯಲ್ಲಿ ಕೂಡಿಡಿ. ತೊಳೆದು ಒಣಗಿಸಿದ ಪ್ಲಾಸ್ಟಿಕ್ ತಿಂಗಳಿಟ್ಟರೂ ನಾರುವುದಿಲ್ಲ. ಹಾಲಿನ ತೊಟ್ಟೆ ಕತ್ತರಿಸುವಾಗ ಮೂಲೆಯ ಚೂರನ್ನು ಪೂರ್ತಿ ಬೇರ್ಪಡಿಸಬೇಡಿ. ಆ ಚೂರು ಯಾರ ಕೈಗೂ ಸಿಗದೆ ಮಣ್ಣು ಸೇರುತ್ತದೆ.

ಅಪಾಯಕಾರಿ ಕಸ: ಸ್ಯಾನಿಟರಿ ಪ್ಯಾಡ್, ಡಯಾಪರ್, ಬ್ಯಾಂಡೇಜುಗಳನ್ನು ಹಳೆಯ ಪತ್ರಿಕೆಯಲ್ಲಿ ಬಿಗಿಯಾಗಿ ಸುತ್ತಿ ಬೇರೆಯಾಗಿ ಕೊಡಿ. ಶೌಚಾಲಯಕ್ಕೆ ಹಾಕಬೇಡಿ. ಇನ್ಸುಲಿನ್ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಳ ಭದ್ರಪಡಿಸಿ ಕೂಡಿಟ್ಟು, ‘ಸೂಜಿ’ ಎಂದು ಬರೆದು, ನೀವು ಚಿಕಿತ್ಸೆ ಪಡೆಯುವ ಆಸ್ಪತ್ರೆಯಲ್ಲಿ ಸ್ವೀಕರಿಸುತ್ತಾರೆಯೇ ಎಂದು ವಿಚಾರಿಸಿ. ಅವಧಿ ಮೀರಿದ ಮಾತ್ರೆಗಳನ್ನು ತೋಡಿಗೆ, ಬಾವಿಕಟ್ಟೆಯ ಬದಿಗೆ ಎಸೆಯಬೇಡಿ.

ಕಸ ಕಡಿಮೆ ಹುಟ್ಟಿಸುವುದು ಇನ್ನೂ ಸುಲಭ. ಅಂಗಡಿಗೆ ಹೋಗುವಾಗ ಬಟ್ಟೆಯ ಚೀಲ, ಮೀನು ತರಲು ಮುಚ್ಚಳದ ಡಬ್ಬಿ ಒಯ್ಯಿರಿ. ಮದುವೆ, ಗೃಹಪ್ರವೇಶಗಳಲ್ಲಿ ಬಾಳೆಲೆ ಮತ್ತು ಸ್ಟೀಲಿನ ಲೋಟ ನಮ್ಮ ಹಿಂದಿನವರ ಕ್ರಮವೇ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ.

ಶ್ರಮದಾನಕ್ಕೆ ಹೊರಟವರಿಗೆ

ಕಸ ಹೆಕ್ಕಲು ಹೋಗುವವರು ಕಾಯಿಲೆ ಹೊತ್ತು ಬರಬಾರದು. ದಪ್ಪ ಕೈಗವಸು, ಕಾಲು ಮುಚ್ಚುವ ಬೂಟು ಕಡ್ಡಾಯವೆಂದು ತಿಳಿಯಿರಿ. ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ. ಅಡಿಯಲ್ಲಿ ಹಾವು, ಚೇಳುಗಳಿರಬಹುದು. ಗಾಜು, ಸೂಜಿಗಳನ್ನು ಇಕ್ಕಳದಿಂದ ಎತ್ತಿ ಗಟ್ಟಿ ಡಬ್ಬಿಗೆ ಹಾಕಿ. ಇದನ್ನು ಶಾಲಾ ಮಕ್ಕಳಿಗೆ ವಹಿಸಲೇಬಾರದು. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ವರ್ಷವಾಗಿದ್ದರೆ ಮೊದಲೇ ಹಾಕಿಸಿಕೊಳ್ಳಿ. ಕಾಲಲ್ಲಿ ಗಾಯ, ಒಡಕು ಇರುವವರು ಕೆಸರಿಗೆ, ಚರಂಡಿಗೆ ಇಳಿಯಬೇಡಿ. ಇಳಿಯಲೇಬೇಕಾದರೆ ಇಲಿಜ್ವರ ತಡೆಯುವ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ.

ಸೂಜಿ ಚುಚ್ಚಿದರೆ ಗಾಯವನ್ನು ಹಿಂಡಬೇಡಿ, ಬಾಯಿಗೆ ಹಾಕಬೇಡಿ. ಸೋಪು ನೀರಿನಿಂದ ತೊಳೆದು ಕೂಡಲೆ ಸರಕಾರಿ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಗಳೊಳಗೆ ಆರಂಭಿಸಬೇಕು. ಬೇಗ ಆರಂಭಿಸಿದಷ್ಟೂ ಒಳ್ಳೆಯದು.

ಜ್ವರ ಬಂದರೆ

ಕೆಸರಲ್ಲಿ ಕೆಲಸ ಮಾಡಿದ ಒಂದೆರಡು ವಾರಗಳಲ್ಲಿ ಜ್ವರ, ತಲೆನೋವು, ಮೀನಖಂಡದಲ್ಲಿ ಮುಟ್ಟಿದರೆ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ ಮಾಡಿದ ಕೆಲಸವನ್ನೂ ತಿಳಿಸಿ. ಆ ಒಂದು ಮಾತು ಇಲಿಜ್ವರವನ್ನು ಬೇಗ ಗುರುತಿಸಲು ನೆರವಾಗುತ್ತದೆ. ಬೇಗ ಗುರುತಿಸಿದರೆ ಸಾಮಾನ್ಯ ಆಂಟಿಬಯೋಟಿಕ್‌ಗಳಿಂದಲೇ ಗುಣವಾಗುವ ಈ ರೋಗ, ತಡವಾದರೆ ಕಾಮಾಲೆಯಾಗಿ ಮೂತ್ರಪಿಂಡಗಳನ್ನೂ ಕೆಡಿಸಬಲ್ಲದು.

ಡೆಂಗ್ಯೂ ಸಂದೇಹವಿದ್ದರೆ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್ ಮುಂತಾದ ನೋವಿನ ಮಾತ್ರೆ ನುಂಗಬೇಡಿ. ಗಂಜಿ ತಿಳಿ, ಎಳನೀರು, ಓಆರ್‌ಎಸ್ ಧಾರಾಳವಾಗಿ ಕುಡಿಸಿ. ಜ್ವರ ಇಳಿಯುವ ಹೊತ್ತು, ಅಂದರೆ ಮೂರರಿಂದ ಏಳನೆಯ ದಿನದ ನಡುವೆ, ಬಹಳ ಎಚ್ಚರ ಬೇಕು. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಮೂಗುಗಳಲ್ಲಿ ರಕ್ತ, ಕಪ್ಪು ಮಲ, ತಣ್ಣಗಾದ ಕೈಕಾಲು, ಮಂಕು ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಪಪ್ಪಾಯಿ ಎಲೆಯ ರಸವನ್ನೇ ನಂಬಿ ಮನೆಯಲ್ಲಿ ಕೂರಬೇಡಿ.

ಸೂರತ್ ಕಲಿಸಿದ ಪಾಠ

1994ರ ಸೆಪ್ಟೆಂಬರಿನಲ್ಲಿ ಗುಜರಾತಿನ ಸೂರತ್ ನಗರದಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ನೆರೆ ಇಳಿದ ಮೇಲೆ ಉಳಿದ ಕೊಳಕು, ಕಸದ ರಾಶಿಗಳ ನಡುವೆ ರೋಗದ ಭೀತಿ ಹಬ್ಬಿ ಲಕ್ಷಾಂತರ ಜನ ಊರು ಬಿಟ್ಟರು. ಮರುವರ್ಷ ನಗರಪಾಲಿಕೆಯ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ಅಧಿಕಾರಿಗಳನ್ನು ದಿನವೂ ಬೀದಿಗಿಳಿಸಿದರು, ಕಸ ಸಂಗ್ರಹಕ್ಕೆ ಹೊತ್ತು ಗೊತ್ತುಮಾಡಿದರು, ಕಸ ಎಸೆದವರಿಗೆ ದಂಡ ಹಾಕಿಸಿದರು. ಎರಡೇ ವರ್ಷಗಳೊಳಗೆ ಸೂರತ್ ದೇಶದ ಅತ್ಯಂತ ಶುಚಿಯಾದ ನಗರಗಳ ಸಾಲಿಗೆ ಸೇರಿತು. ಅಲ್ಲಿ ಫಲಕೊಟ್ಟದ್ದು ದಿನನಿತ್ಯದ ಕ್ರಮ.

ನಮ್ಮ ಸಂಘ ಸಂಸ್ಥೆಗಳೂ ಈ ದಾರಿ ಹಿಡಿಯಬಹುದು. ದೊಡ್ಡ ಶ್ರಮದಾನವನ್ನು ಅಕ್ಟೋಬರ್ 2ರವರೆಗೆ ಕಾಯದೆ ಪತ್ತನಾಜೆಗೆ ಮುನ್ನ, ಅಂದರೆ ಮೇ ತಿಂಗಳ ಮೂರನೆಯ ವಾರದೊಳಗೆ ಇಟ್ಟುಕೊಳ್ಳಿ. ಮಳೆ ಹಿಡಿಯುವ ಮೊದಲು ನೀರು ನಿಲ್ಲುವ ವಸ್ತುಗಳೆಲ್ಲ ಎದ್ದುಹೋದರೆ ಜೂನ್, ಜುಲೈ ತಿಂಗಳ ಜ್ವರ ಖಂಡಿತ ತಗ್ಗುತ್ತದೆ. ಅನಂತರ ಭಾಷಣಕ್ಕಿಂತ ಮನೆ ಭೇಟಿ ಮೇಲು. ಇಬ್ಬಿಬ್ಬರ ತಂಡ ಇಪ್ಪತ್ತು ಮನೆಗಳನ್ನು ವಹಿಸಿಕೊಳ್ಳಲಿ. ಹಸಿ ಕಸಕ್ಕೆ ಏನು ಮಾಡುತ್ತೀರಿ, ಹಾಲಿನ ತೊಟ್ಟೆ ಎಲ್ಲಿಗೆ ಹೋಗುತ್ತದೆ, ಒಲೆಗೆ ಪ್ಲಾಸ್ಟಿಕ್ ಹಾಕುತ್ತೀರಾ ಎಂದು ಸೌಜನ್ಯದಿಂದ ವಿಚಾರಿಸಲಿ. ಎಷ್ಟು ಮನೆಗಳ ಸುತ್ತ ಸೊಳ್ಳೆ ಮರಿ ಇದೆಯೆಂದು ಬರೆದುಕೊಳ್ಳಲಿ. ಆರೋಗ್ಯ ಇಲಾಖೆಯವರು ಅನುಸರಿಸುವುದೂ ಇದೇ ಲೆಕ್ಕವನ್ನು. ನೂರರಲ್ಲಿ ಐದು ಮನೆಗಳಿಗಿಂತ ಹೆಚ್ಚು ಕಡೆ ಮರಿ ಸಿಕ್ಕಿದರೆ ಡೆಂಗ್ಯೂ ಹರಡುವ ಅಪಾಯವಿದೆ. ತಿಂಗಳ ಬಳಿಕ ಅದೇ ಮನೆಗಳಿಗೆ ಮತ್ತೆ ಹೋಗಿ ಎಣಿಸಿದರೆ ಕೆಲಸ ಫಲಿಸಿತೋ ಇಲ್ಲವೋ ಗೊತ್ತಾಗುತ್ತದೆ.

ಇದಕ್ಕೆ ಹಣವಾಗಲಿ, ಸಭೆಯಾಗಲಿ ಬೇಕಿಲ್ಲ. ಈ ಭಾನುವಾರ ಶ್ರಮದಾನವಿದ್ದರೆ ಖಂಡಿತ ಹೋಗಿ ಬನ್ನಿ. ಹೋಗುವ ಮೊದಲು ಅರ್ಧ ಗಂಟೆ ಬಿಡುವು ಮಾಡಿಕೊಂಡು ನಿಮ್ಮದೇ ಹಿತ್ತಿಲಲ್ಲಿ ನೀರು ಹಿಡಿದ ಹಾಳೆ, ಗೆರಟೆಗಳನ್ನು ಕವುಚಿ ಹಾಕಿ. ಬಚ್ಚಲ ಒಲೆಯ ಬಳಿ ಕೂಡಿಟ್ಟ ಪ್ಲಾಸ್ಟಿಕ್ ತೊಟ್ಟೆಗಳನ್ನು ಅಲ್ಲಿಂದ ತೆಗೆದು ಒಣ ಕಸದ ಗೋಣಿಗೆ ಹಾಕಿ.